ಗುಂಡಿಗೆ ಒಂದಿದ್ದರೆ ಸಾಕೇ?

‘ಎತ್ತರದ ಭಯ ಇಲ್ಲದವರಷ್ಟೇ ಪ್ಯಾರಾಗ್ಲೈಡಿಂಗ್ ಕಲಿಯಲು ಯೋಗ್ಯರು’ ಎಂಬ ಬರಹ ಓದಿದೆ. ಒಪ್ಪಲಾರೆ. ಮಾಳಿಗೆಯ ಅಂಚಿನಲ್ಲಿ ಕಾಲು ನಡುಗುವವರೂ ಒಳ್ಳೆಯ ಪೈಲಟ್‌ಗಳಾಗಿದ್ದಾರೆ. ಕುಣಿಗಲ್ ಬಳಿಯ ಹುತ್ರಿದುರ್ಗದ ಬಂಡೆ ತುದಿಯಲ್ಲಿ ಸೆಲ್ಫಿ ತೆಗೆಯುವ ಶೂರರ ಬಗ್ಗೆಯೇ ನನಗೆ ಅನುಮಾನ.

ಇಲ್ಲಿ ಬೇಕಿರುವುದು ಗುಂಡಿಗೆಗಿಂತ ವಿವೇಕ, ಸಹನೆ. ಪ್ಯಾರಾಗ್ಲೈಡರ್‌ನ ರೆಕ್ಕೆಗೆ ಎಂಜಿನ್ ಇಲ್ಲ. ವೇಗ ಗಂಟೆಗೆ ಸುಮಾರು 35–40 ಕಿ.ಮೀ. ಎದುರುಗಾಳಿ ಅದನ್ನು ಮೀರಿದರೆ ಹಿಂದಕ್ಕೇ ಸರಿಯುತ್ತೀರಿ. ತುಮಕೂರಿನಿಂದ ಮಹಾರಾಷ್ಟ್ರದ ಪ್ಯಾರಾಗ್ಲೈಡಿಂಗ್ ತಾಣ ಕಾಮ್‌ಶೇತ್‌ವರೆಗೆ ಹೋಗಿ, ದುಡ್ಡು ಕಟ್ಟಿ, ಗಾಳಿ ಸರಿಯಿಲ್ಲವೆಂದು ಹಾರದೆ ರೆಕ್ಕೆ ಮಡಚಬಲ್ಲಿರಾ? ಮೊದಲು ನೆಲದ ಮೇಲೇ ಬೆವರು ಸುರಿಸಿ, ಮತ್ತೆ ಮತ್ತೆ ರೆಕ್ಕೆಯನ್ನು ಎಬ್ಬಿಸುವ ಸಹನೆ ಇದೆಯೇ? ಲೇಖಕರು ತೂಕದ ಮಾತನ್ನಂತೂ ಎತ್ತಿಯೇ ಇಲ್ಲ: ಸಲಕರಣೆ ಸೇರಿ ನಿಮ್ಮ ಭಾರ ಆ ರೆಕ್ಕೆಗೆ ನಮೂದಿಸಿದ ಮಿತಿಯೊಳಗೇ ಇರಬೇಕು.