ಉಸಿರಿಗೊಂದು ಕಸಿ

ಕುಣಿಗಲ್‌ನಿಂದ ಏಳನೇ ತರಗತಿಯ ಹುಡುಗಿಯೊಬ್ಬಳು ಈ ಅಂಕಣಕ್ಕೆ ಕಾರ್ಡು ಬರೆದಿದ್ದಾಳೆ. ಟಿ.ವಿ. ವಾರ್ತೆಯಲ್ಲಿ 'ಶ್ವಾಸಕೋಶ ಕಸಿ' ಎಂಬ ಮಾತು ಕೇಳಿದಳಂತೆ. 'ನಮ್ಮ ತಾತ ಮಾವಿನ ಗಿಡಕ್ಕೆ ಕಸಿ ಕಟ್ಟುತ್ತಾರೆ. ಮನುಷ್ಯರಿಗೂ ಹಾಗೇ ಕಟ್ಟುತ್ತಾರಾ? ಅದು ಅಂಟಿಕೊಳ್ಳದೇ ಹೋದರೆ ಏನು ಮಾಡುತ್ತಾರೆ?' ಎಂದು ಕೇಳಿದ್ದಾಳೆ. ಮೊದಲ ಪ್ರಶ್ನೆಗೆ ಉತ್ತರ ಸುಲಭ. ಹೌದು, ಹೆಚ್ಚುಕಡಿಮೆ ಹಾಗೇ. ಎರಡನೇ ಪ್ರಶ್ನೆಗೆ ಉತ್ತರ ಹುಡುಕಲು ಜಗತ್ತಿನ ದೊಡ್ಡ ದೊಡ್ಡ ಸರ್ಜನ್‌ಗಳಿಗೆ 20 ವರ್ಷ ಹಿಡಿಯಿತು. ಇವತ್ತು ಆ ಕಥೆ ಹೇಳುತ್ತೇನೆ.

ನಮ್ಮ ತುಮಕೂರು ಜಿಲ್ಲೆಯವರಿಗೆ ಕಸಿ ಹೊಸದಲ್ಲ. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತ ಪರಮೇಶ್ ಅವರ ತೋಟದ ಕೆಂಪು ತೊಳೆಯ ಹಲಸು ಈಗ 'ಸಿದ್ದು' ಎಂಬ ಹೆಸರಿನಲ್ಲಿ ದೇಶಕ್ಕೆಲ್ಲ ಗೊತ್ತು. ಆ ಮರ ನೆಟ್ಟವರು ಅವರ ತಂದೆ ಸಿದ್ದಪ್ಪ. ಬೀಜ ಬಿತ್ತಿದರೆ ಅದೇ ರುಚಿ, ಅದೇ ಬಣ್ಣ ಬರುತ್ತದೆಂಬ ಭರವಸೆ ಇಲ್ಲ. ಹಾಗಾಗಿ ತುಮಕೂರಿನ ಪಕ್ಕದ ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಅದರ ಕುಡಿ ತಂದು ಬೇರೆ ಹಲಸಿನ ಸಸಿಗೆ ಕಸಿ ಕಟ್ಟಿ ಗಿಡ ಮಾಡಿದರು.

ಕಸಿ ಕಟ್ಟುವವರನ್ನು ಹತ್ತಿರ ನಿಂತು ನೋಡಿದ್ದೀರಾ? ಸಸಿಯ ದಪ್ಪಕ್ಕೆ ಹೊಂದುವ ಕುಡಿಯನ್ನೇ ಆರಿಸುತ್ತಾರೆ. ಚೂಪಾದ ಚಾಕುವಿನಿಂದ ಒಂದೇ ಏಟಿಗೆ ಕತ್ತರಿಸುತ್ತಾರೆ. ತೊಗಟೆಯ ಒಳಗಿನ ಹಸಿ ಪದರ ಪದರಕ್ಕೆ ಕೂಡುವಂತೆ ಜೋಡಿಸಿ, ಪ್ಲಾಸ್ಟಿಕ್ ಪಟ್ಟಿ ಬಿಗಿಯುತ್ತಾರೆ. ಕೆಲವು ವಾರಗಳಲ್ಲಿ ಬೇರಿನ ರಸ ಕುಡಿಗೆ ಹರಿದರೆ ಕಸಿ ಗೆದ್ದಂತೆ. ಅಲ್ಲಿಯವರೆಗೆ ಆ ಕುಡಿ ಅಪಾಯದಲ್ಲೇ ಇರುತ್ತದೆ. (ತೆಂಗಿಗೆ ಯಾಕೆ ಕಸಿ ಕಟ್ಟುವುದಿಲ್ಲ ಎಂದು ಕಲ್ಪತರು ನಾಡಿನ ಮಕ್ಕಳು ಕೇಳಬಹುದು. ತೆಂಗಿನ ಕಾಂಡದಲ್ಲಿ ಆ ಹಸಿ ಪದರವೇ ಇಲ್ಲ!)

ಈಗ ಶ್ವಾಸಕೋಶಕ್ಕೆ ಬರೋಣ. ನಮ್ಮೆದೆಯಲ್ಲಿ ಬಲಗಡೆ ಮೂರು ಹಾಲೆ, ಎಡಗಡೆ ಎರಡು ಹಾಲೆಯ ಎರಡು ಶ್ವಾಸಕೋಶಗಳಿವೆ. ಅವುಗಳೊಳಗೆ 30 ಕೋಟಿಗೂ ಹೆಚ್ಚು ಪುಟ್ಟ ಗಾಳಿಗೂಡುಗಳು. ಎಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್ ಆಗುತ್ತದೆ. ಎಂದರೆ ಒಂದು ಚಿಕ್ಕ ಮನೆಯ ನೆಲದಷ್ಟು. ದೊಡ್ಡವರು ದಿನಕ್ಕೆ ಸುಮಾರು 20,000 ಸಲ ಉಸಿರಾಡುತ್ತಾರೆ. ಪ್ರತಿ ಉಸಿರಿಗೂ ಈ ಗೂಡುಗಳು ಸ್ಪಂಜಿನಂತೆ ಹಿಗ್ಗಿ ಕುಗ್ಗಬೇಕು.

ಕೆಲವರಲ್ಲಿ ಈ ಸ್ಪಂಜು ನಿಧಾನವಾಗಿ ನಾರುಗಟ್ಟುತ್ತದೆ. ಎಳನೀರು ಬುರುಡೆ ಒಣಗಿ ನಾರಾಗುವುದನ್ನು ನೆನೆಸಿಕೊಳ್ಳಿ. ಕಲ್ಲು ಪುಡಿ ಮಾಡುವಲ್ಲಿ ವರ್ಷಗಟ್ಟಲೆ ಸಿಲಿಕಾ ದೂಳು ಕುಡಿದವರಿಗೆ ಹೀಗಾಗಬಹುದು. ಎಷ್ಟೋ ಜನರಿಗೆ ಕಾರಣವೇ ಗೊತ್ತಾಗದೆ ಬರುತ್ತದೆ. ಬೀಡಿ ಸಿಗರೇಟಿನಿಂದ, ಒಲೆಯ ಹೊಗೆಯಿಂದ ಗಾಳಿಗೂಡುಗಳ ಗೋಡೆ ಹರಿದುಹೋಗುವುದು ಇನ್ನೊಂದು ಬಗೆಯ ಕಾಯಿಲೆ. ಹಾಳಾದ ಗೂಡನ್ನು ಮರಳಿ ಕಟ್ಟುವ ಔಷಧ ಇಲ್ಲ. ಕೊನೆಯ ಹಂತದಲ್ಲಿ ಉಳಿಯುವ ದಾರಿ ಒಂದೇ: ಬೇರೊಬ್ಬರ ಶ್ವಾಸಕೋಶ.

1963ರ ಜೂನ್ 11ರಂದು ಅಮೆರಿಕದ ಮಿಸಿಸಿಪ್ಪಿಯಲ್ಲಿ ಡಾ. ಜೇಮ್ಸ್ ಹಾರ್ಡಿ ಮೊದಲ ಬಾರಿಗೆ ಮನುಷ್ಯನಿಗೆ ಶ್ವಾಸಕೋಶ ಕಸಿ ಮಾಡಿದರು. ರೋಗಿ ಬದುಕಿದ್ದು 18 ದಿನ. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಸುಮಾರು 40 ಬಾರಿ ಪ್ರಯತ್ನ ನಡೆಯಿತು. ಹೆಚ್ಚಿನವರು ದಿನಗಳಲ್ಲಿ, ವಾರಗಳಲ್ಲಿ ತೀರಿಕೊಂಡರು. ಬೆಲ್ಜಿಯಂನ ಒಬ್ಬ ರೋಗಿ ಮಾತ್ರ ಸುಮಾರು 10 ತಿಂಗಳು ಬದುಕಿದ. ಅಷ್ಟರಲ್ಲಿ ಮೂತ್ರಪಿಂಡ ಕಸಿ ಗೆದ್ದಿತ್ತು, ಹೃದಯ ಕಸಿಯೂ ನಡೆದಿತ್ತು. ಶ್ವಾಸಕೋಶ ಆಗದ ಕೆಲಸ ಎಂದು ಬಹಳ ಸರ್ಜನ್‌ಗಳು ಕೈಬಿಟ್ಟರು.

ಕೈಬಿಡದವರಲ್ಲಿ ಒಬ್ಬರು ಕೆನಡಾದ ಟೊರಾಂಟೊ ಜನರಲ್ ಆಸ್ಪತ್ರೆಯ ಡಾ. ಜೋಯಲ್ ಕೂಪರ್. ಅವರೂ 1978ರಲ್ಲಿ ಒಬ್ಬರಿಗೆ ಶ್ವಾಸಕೋಶ ಕಸಿ ಮಾಡಿ ಸೋತಿದ್ದರು. ಹೊಸ ಶ್ವಾಸಕೋಶ ಉಸಿರಾಡುತ್ತಲೇ ಇತ್ತು. ಆದರೆ ಕೆಲವೇ ವಾರಗಳಲ್ಲಿ, ಶ್ವಾಸನಾಳದ ಕವಲನ್ನು ಹೊಲಿದು ಕೂಡಿಸಿದ್ದ ಜಾಗ ಬಿಚ್ಚಿಕೊಂಡಿತು, ರೋಗಿ ಉಳಿಯಲಿಲ್ಲ. ಹಿಂದಿನವರ ದಾಖಲೆ ನೋಡಿದರೆ ಅಲ್ಲೂ ಹಲವರಲ್ಲಿ ಇದೇ ಕಥೆ. ಕುಣಿಗಲ್ ಹುಡುಗಿಯ ಎರಡನೇ ಪ್ರಶ್ನೆ ಇದೇ ತಾನೇ? ಅಂಟಿಕೊಳ್ಳದಿದ್ದರೆ ಏನು ಮಾಡುವುದು?

ಕೂಪರ್ ಮತ್ತು ಜೊತೆಗಾರರು ಸದ್ಯಕ್ಕೆ ರೋಗಿಗಳಿಗೆ ಕಸಿ ಮಾಡುವುದನ್ನು ನಿಲ್ಲಿಸಿ ಪ್ರಯೋಗಶಾಲೆಗೆ ಹೋದರು. ಅವರ ಮುಂದೆ ಇದ್ದ ಅನುಮಾನಗಳು ಮೂರು. ಬೇರೆಯವರ ಅಂಗವನ್ನು ದೇಹ ತಿರಸ್ಕರಿಸಿದ್ದರಿಂದ ಹೊಲಿಗೆ ಬಿಚ್ಚಿತೇ? ಹಾಗೆ ತಿರಸ್ಕರಿಸದಿರಲಿ ಎಂದು ಕೊಡುತ್ತಿದ್ದ ಔಷಧದಿಂದ ಬಿಚ್ಚಿತೇ? ಅಥವಾ ಆ ಜಾಗಕ್ಕೆ ರಕ್ತ ಸಾಲದೆ ಬಿಚ್ಚಿತೇ?

ಇವನ್ನು ಬೇರೆ ಬೇರೆ ಮಾಡಿ ನೋಡಲು ಅವರು ಹೂಡಿದ ಉಪಾಯ ನೋಡಿ. ನಾಯಿಯೊಂದರ ಶ್ವಾಸಕೋಶವನ್ನು ಬಿಡಿಸಿ, ಅದೇ ನಾಯಿಗೆ ಮರಳಿ ಹೊಲಿದರು. ತನ್ನದೇ ಅಂಗವಾದ್ದರಿಂದ ದೇಹ ತಿರಸ್ಕರಿಸುವ ಮಾತೇ ಇಲ್ಲ. ಕೆಲವು ನಾಯಿಗಳಿಗೆ ಆಗಿನ ಕಾಲದ ಮಾಮೂಲಿ ಔಷಧವಾದ ಸ್ಟೀರಾಯ್ಡ್ ಕೊಟ್ಟರು, ಕೆಲವಕ್ಕೆ ಕೊಡಲಿಲ್ಲ. ಔಷಧ ಕೊಡದ ನಾಯಿಗಳಲ್ಲಿ ಹೊಲಿಗೆ ಚೆನ್ನಾಗಿ ಕೂಡಿತು. ಸ್ಟೀರಾಯ್ಡ್ ಕೊಟ್ಟವುಗಳಲ್ಲಿ ಸರಿಯಾಗಿ ಮಾಯಲಿಲ್ಲ. ಕಸಿಯನ್ನು ಕಾಯಲೆಂದು ಕೊಡುತ್ತಿದ್ದ ಔಷಧವೇ ಕಸಿಯ ಗಂಟನ್ನು ಬಿಚ್ಚುತ್ತಿತ್ತು! 20 ವರ್ಷ ಎಲ್ಲರೂ ಒಳ್ಳೆಯದೆಂದೇ ಕೊಡುತ್ತಿದ್ದ ಔಷಧ ಅದು.

ರಕ್ತದ ಅನುಮಾನವೂ ನಿಜವಾಗಿತ್ತು. ಶ್ವಾಸನಾಳದ ಕವಲುಗಳ ಗೋಡೆಗೆ ರಕ್ತ ತರುವ ಸಣ್ಣ ನಾಳಗಳೇ ಬೇರೆ ಇವೆ. ಕಸಿ ಮಾಡುವಾಗ ಅವು ಕತ್ತರಿಸಿಹೋಗುತ್ತವೆ. ಅಷ್ಟು ಸಣ್ಣ ನಾಳಗಳನ್ನು ಮತ್ತೆ ಜೋಡಿಸುತ್ತಿರಲಿಲ್ಲ. ಬೇರಿನ ರಸ ಸಿಗದ ಕುಡಿಯಂತೆ ಹೊಲಿಗೆಯ ಜಾಗ ಹಸಿದುಕೊಂಡಿರುತ್ತಿತ್ತು. ಇದಕ್ಕೆ ಟೊರಾಂಟೊದವರು ಕಂಡುಕೊಂಡ ಪರಿಹಾರವನ್ನು ಕಸಿ ಕಟ್ಟುವ ತಾತ ಕೇಳಿದರೆ ನಗುನಗುತ್ತಾ ತಲೆಯಾಡಿಸಬಹುದು. ನಮ್ಮ ಹೊಟ್ಟೆಯಲ್ಲಿ ಕರುಳಿನ ಮುಂದೆ ಸೆರಗಿನಂತೆ ಇಳಿಬಿದ್ದ ಕೊಬ್ಬಿನ ಪರದೆಯೊಂದಿದೆ. ಅದರ ತುಂಬ ರಕ್ತನಾಳಗಳು. ಆ ಪರದೆಯ ತುದಿಯನ್ನು ಬುಡದಿಂದ ಕೀಳದೆ ಎದೆಗೂಡಿನೊಳಕ್ಕೆ ಎಳೆದು, ಹೊಲಿಗೆಯ ಸುತ್ತ ಸುತ್ತಿದರು. ಕೆಲವೇ ದಿನಗಳಲ್ಲಿ ಪರದೆಯಿಂದ ಹೊಸ ರಕ್ತನಾಳಗಳು ಮೂಡಿ ಆ ಜಾಗಕ್ಕೆ ರಕ್ತ ಹರಿಯಿತು. ಕಸಿಗೆ ಪಟ್ಟಿ ಸುತ್ತಿದ ಹಾಗೇ, ಆದರೆ ಇದು ಜೀವಂತ ಪಟ್ಟಿ.

ಅದೇ ಹೊತ್ತಿಗೆ ಸೈಕ್ಲೋಸ್ಪೋರಿನ್ ಎಂಬ ಹೊಸ ಔಷಧ ಬಂದಿತ್ತು. ಮಣ್ಣಿನಲ್ಲಿ ಸಿಕ್ಕ ಒಂದು ಬೂಷ್ಟಿನಿಂದ ತೆಗೆದದ್ದು. ಅಂಗವನ್ನು ದೇಹ ತಿರಸ್ಕರಿಸುವುದನ್ನು ಅದು ತಡೆಯುತ್ತಿತ್ತು, ಹೊಲಿಗೆ ಮಾಯುವುದನ್ನು ತಡೆಯುತ್ತಿರಲಿಲ್ಲ. ಹೀಗಾಗಿ ಮೊದಲ ವಾರಗಳಲ್ಲಿ ಸ್ಟೀರಾಯ್ಡ್ ಇಲ್ಲದೆ ನಡೆಸಬಹುದಾಯಿತು.

1983ರ ನವೆಂಬರ್ 7. ಟಾಮ್ ಹಾಲ್ ಎಂಬ 58 ವರ್ಷದವರ ಶ್ವಾಸಕೋಶ ನಾರುಗಟ್ಟಿತ್ತು. ಜಗತ್ತಿನಲ್ಲಿ ಈವರೆಗೆ 44 ಬಾರಿ ಮಾಡಿದ್ದಾರೆ, ಯಾವುದೂ ಗೆದ್ದಿಲ್ಲ ಎಂದು ಕೂಪರ್ ಮುಚ್ಚುಮರೆ ಇಲ್ಲದೆ ಹೇಳಿದರು. 45ನೆಯವನಾಗುವ ಅವಕಾಶ ಸಿಕ್ಕಿದ್ದಕ್ಕೆ ಋಣಿ ಎಂದು ಹಾಲ್ ಒಪ್ಪಿದರು. ಅವರು ಆಸ್ಪತ್ರೆಯಿಂದ ಮನೆಗೆ ನಡೆದು ಹೋದರು, ಆರು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು. 1986ರಲ್ಲಿ ಅದೇ ತಂಡ ಎರಡೂ ಶ್ವಾಸಕೋಶಗಳ ಕಸಿಯಲ್ಲಿಯೂ ಗೆದ್ದಿತು.

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು 1978ರಿಂದ 1983ರವರೆಗಿನ ಐದು ವರ್ಷ. ಸೋತ ಮೇಲೆ 'ಇನ್ನೊಂದು ಕೈ ನೋಡೋಣ' ಎಂದು ಕೂಡಲೇ ಮತ್ತೊಬ್ಬ ರೋಗಿಯ ಎದೆ ತೆರೆಯಲಿಲ್ಲ. ಬಿಚ್ಚಿದ್ದು ಎಲ್ಲಿ, ಏಕೆ ಎಂದು ಕೇಳಿಕೊಂಡು, ಒಂದೊಂದೇ ಕಾರಣವನ್ನು ಬೇರ್ಪಡಿಸಿ ನೋಡಿದರು. ಕೂಪರ್ ಆಮೇಲೆ ಅಮೆರಿಕದ ಸೇಂಟ್ ಲೂಯಿಸ್‌ಗೆ ಹೋಗಿ, ಗಾಳಿಗೂಡು ಹರಿದ ರೋಗಿಗಳಿಗೆ ಹಾಳಾದ ಭಾಗವನ್ನಷ್ಟೇ ಕತ್ತರಿಸಿ ತೆಗೆದು ಉಳಿದದ್ದಕ್ಕೆ ಹಿಗ್ಗಲು ಜಾಗ ಕೊಡುವ ಶಸ್ತ್ರಚಿಕಿತ್ಸೆಯನ್ನು 1990ರ ದಶಕದಲ್ಲಿ ಬೆಳೆಸಿದರು. ಅದನ್ನೂ ಹಾಗೇ ನಂಬಲಿಲ್ಲ ವೈದ್ಯಲೋಕ. ದೊಡ್ಡ ಪರೀಕ್ಷೆಯೊಂದು ನಡೆದು 2003ರಲ್ಲಿ ಫಲಿತಾಂಶ ಬಂತು: ಕೆಲವು ಬಗೆಯ ರೋಗಿಗಳಿಗೆ ಲಾಭ, ಇನ್ನು ಕೆಲವರಿಗೆ ಅಪಾಯ. ಯಾರಿಗೆ ಮಾಡಬಾರದು ಎಂದು ತಿಳಿಯುವುದೂ ಸಂಶೋಧನೆಯೇ.

ಶ್ವಾಸಕೋಶ ಕಸಿ ಇಂದಿಗೂ ಸುಲಭವಾಗಿಲ್ಲ. ಜೀವನಪೂರ್ತಿ ಔಷಧ ಬೇಕು. ಕಸಿಯಾದವರಲ್ಲಿ ಸುಮಾರು ಅರ್ಧದಷ್ಟು ಜನ ಆರೇಳು ವರ್ಷ ದಾಟುತ್ತಾರೆ. ನಮ್ಮ ದೇಶದಲ್ಲೂ ಇದು ನಡೆಯುತ್ತಿದೆ. ಕೋವಿಡ್‌ನಿಂದ ಶ್ವಾಸಕೋಶ ಹಾಳಾದ ರೋಗಿಗೆ 2020ರ ಆಗಸ್ಟ್‌ನಲ್ಲಿ ಚೆನ್ನೈನಲ್ಲಿ ಡಾ. ಕೆ.ಆರ್. ಬಾಲಕೃಷ್ಣನ್ ಅವರ ತಂಡ ಎರಡೂ ಶ್ವಾಸಕೋಶ ಕಸಿ ಮಾಡಿತು.

ಆದರೆ ಸರ್ಜನ್ ಎಷ್ಟೇ ಜಾಣರಾದರೂ ಕುಡಿ ಕೊಡುವವರಿಲ್ಲದೆ ಕಸಿ ಇಲ್ಲ. ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಮಿದುಳು ಸತ್ತವರಿಂದಲೇ ಹೆಚ್ಚಾಗಿ ಶ್ವಾಸಕೋಶ ಸಿಗುವುದು. 1994ರ ಕಾನೂನಿನಂತೆ ನಾಲ್ವರು ವೈದ್ಯರು, ಕನಿಷ್ಠ ಆರು ಗಂಟೆ ಬಿಟ್ಟು ಎರಡು ಸಲ ಪರೀಕ್ಷಿಸಿ ಖಚಿತಪಡಿಸಬೇಕು. ಆಮೇಲೂ ಮನೆಯವರು ಒಪ್ಪಬೇಕು. ಮಂಜಿನಲ್ಲಿಟ್ಟ ಶ್ವಾಸಕೋಶ ಆರರಿಂದ ಎಂಟು ಗಂಟೆಯೊಳಗೆ ಇನ್ನೊಬ್ಬರ ಎದೆ ಸೇರಬೇಕು. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ.; ದಾರಿ ದೂರವಿಲ್ಲ. ದುಃಖದ ಆ ಗಳಿಗೆಯಲ್ಲಿ ಮನೆಯವರು 'ಅವರ ಮನಸ್ಸಿನಲ್ಲಿ ಏನಿತ್ತೋ' ಎಂದು ಗೊತ್ತಿಲ್ಲದೆ ತಡವರಿಸುತ್ತಾರೆ. ಕರ್ನಾಟಕದಲ್ಲಿ ಅಂಗದಾನದ ಕೆಲಸ ನೋಡುವ ಸರ್ಕಾರಿ ಸಂಸ್ಥೆಯ ಹೆಸರು 'ಜೀವಸಾರ್ಥಕತೆ'. ಅಲ್ಲಿ ಹೆಸರು ಬರೆಸುವುದರ ಜೊತೆಗೆ, ಮನೆಯಲ್ಲಿ ಒಂದು ಸಲ ಬಾಯಿಬಿಟ್ಟು ಹೇಳಿಡುವುದೂ ಅಷ್ಟೇ ಮುಖ್ಯ.

ಮಕ್ಕಳೇ, ಈ ವಾರ ನಿಮಗೆ ಎರಡು ಕೆಲಸ. ಒಂದು: ಅಮ್ಮನ ಹೊಲಿಗೆ ಟೇಪನ್ನು ಎದೆಯ ಸುತ್ತ ಹಿಡಿದು, ಉಸಿರು ಪೂರ್ತಿ ಬಿಟ್ಟಾಗ ಎಷ್ಟು, ಪೂರ್ತಿ ಎಳೆದಾಗ ಎಷ್ಟು ಎಂದು ಅಳೆಯಿರಿ. ಮನೆಯ ಎಲ್ಲರದ್ದೂ ಅಳೆದು ಬರೆದಿಡಿ. ಎರಡು: ರಾತ್ರಿ ಊಟಕ್ಕೆ ಕೂತಾಗ ಟಾಮ್ ಹಾಲ್ ಕಥೆ ಹೇಳಿ. ಆಮೇಲೆ ದೊಡ್ಡವರು ಏನು ಮಾತಾಡುತ್ತಾರೋ ಕೇಳಿಸಿಕೊಳ್ಳಿ.