ದಂತಧಾವನವೂ ಮಿಶ್ರಿಯ ಡಬ್ಬಿಯೂ

ಕಳೆದ ತಿಂಗಳು ಆಪ್ತರೊಬ್ಬರ ಮನೆಯ ಮಂಗಲಕಾರ್ಯದ ನಿಮಿತ್ತವಾಗಿ ಔರಾದ ತಾಲ್ಲೂಕಿನ ಒಂದು ಗ್ರಾಮಕ್ಕೆ ಹೋಗಿದ್ದೆವು. ಪ್ರಾತಃಕಾಲದಲ್ಲಿ ಆ ಮನೆಯ ಅಜ್ಜಿಯವರು ಅಂಗಳದ ಕಟ್ಟೆಯ ಮೇಲೆ ಕುಳಿತು, ತಗಡಿನ ಡಬ್ಬಿಯೊಂದನ್ನು ತೆರೆದು, ಅದರೊಳಗಿನ ಕಪ್ಪು ಪುಡಿಯನ್ನು ತೋರುಬೆರಳಿನಿಂದ ತೆಗೆದು ಹಲ್ಲು ಒಸಡುಗಳಿಗೆ ತಿಕ್ಕಿಕೊಂಡರು. ಬಳಿಕ ಡಬ್ಬಿಯನ್ನು ಸೊಸೆಯ ಕೈಗಿತ್ತರು. ಪಕ್ಕದಲ್ಲಿದ್ದ ಮೊಮ್ಮಗಳು ತಾನೂ ಕೈಚಾಚಲು, “ನಿನಗ ಬ್ಯಾಡವ್ವ, ಇನ್ನಾ ಸಣ್ಣಕಿ ಇದ್ದಿ” ಎಂದರು. “ಮತ್ತ ನೀ ಯಾಕ ಹಚ್ಕೋತಿ, ಆಯಿ?” ಎಂದು ಮಗು ಕೇಳಿತು. “ಹಿರಿಯರು ಮಾಡ್ಕೋತ ಬಂದದ್ದು, ಹಲ್ಲು ಗಟ್ಟಿ ಇರ್ತಾವ” ಎಂಬುದು ಅಜ್ಜಿಯವರ ಉತ್ತರ. ಶುಭಕಾರ್ಯದ ಮನೆಯೆಂದು ನಾವು ಆಗ ಸುಮ್ಮನಿದ್ದೆವು. ಆ ಮಗುವಿನ ಪ್ರಶ್ನೆಗೆ ಈ ತಿಂಗಳ ಅಂಕಣದಲ್ಲಿ ಉತ್ತರ ಹೇಳುವುದು ನಮ್ಮ ಋಣವೆಂದು ಭಾವಿಸಿದ್ದೇವೆ.

ಆ ಕಪ್ಪು ಪುಡಿಯೇ ಮಿಶ್ರಿ. ತಂಬಾಕಿನ ಎಲೆಯನ್ನು ಕಾದ ಹಂಚಿನ ಮೇಲೆ ಕರಿದಾಗುವಂತೆ ಹುರಿದು ಪುಡಿಮಾಡಿದರೆ ಅದು ಸಿದ್ಧವಾಗುವುದು. ಹಿಂದಿ, ಉರ್ದು ಭಾಷೆಗಳಲ್ಲಿ ಕಲ್ಲುಸಕ್ಕರೆಗೂ ಇದೇ ಹೆಸರು. ಹೆಸರು ಸಿಹಿಯಾದ ಮಾತ್ರಕ್ಕೆ ಗುಣವು ಸಿಹಿಯಾಗದು. ಮಹಾರಾಷ್ಟ್ರದಲ್ಲಿಯೂ, ಅದರ ಗಡಿಯನ್ನು ಹೊಂದಿದ ನಮ್ಮ ಔರಾದ, ಭಾಲ್ಕಿಗಳ ಕಡೆಯಲ್ಲಿಯೂ ಬೀಡಿಯನ್ನು ಕಂಡರೆ ಮುಖ ಸಿಂಡರಿಸುವ ಗೃಹಿಣಿಯರೇ ಮಿಶ್ರಿಯನ್ನು ತಂಬಾಕೆಂದು ಎಣಿಸದೆ ಬಳಸುವುದುಂಟು. ಹಲ್ಲುನೋವಿಗೆಂದು ಆರಂಭವಾದುದು ದಿನಕ್ಕೊಮ್ಮೆಯಾಗಿ, ಮೂರು ನಾಲ್ಕು ಬಾರಿಯಾಗಿ, ಕಡೆಗೆ ಅದಿಲ್ಲದೆ ಮಲಶೋಧನೆಯೂ ಆಗದು, ತಲೆಶೂಲೆಯೂ ಅಡಗದು ಎಂಬ ಸ್ಥಿತಿಗೆ ಮುಟ್ಟುವುದು. ತಂಬಾಕಿನಲ್ಲಿರುವ ನಿಕೋಟಿನ್ ಎಂಬ ದ್ರವ್ಯವು ಬಾಯಿಯ ತೆಳುಪೊರೆಯ ಮೂಲಕವೇ ರಕ್ತವನ್ನು ಸೇರಿ ಮೆದುಳನ್ನು ವಶಪಡಿಸಿಕೊಳ್ಳುವುದೇ ಇದಕ್ಕೆ ಕಾರಣ. ನೋವು ತಗ್ಗಿದಂತೆ ತೋರಿದರೂ ಹಲ್ಲಿನ ಹುಳುಕು ಒಳಗೆ ಬೆಳೆಯುತ್ತಲೇ ಇರುವುದು.

ಇನ್ನು “ಹಿರಿಯರು ಮಾಡಿದ್ದು” ಎಂಬ ಮಾತನ್ನು ವಿಚಾರಿಸೋಣ. ಚರಕಸಂಹಿತೆಯ ಸೂತ್ರಸ್ಥಾನದ 5ನೆಯ ಅಧ್ಯಾಯದಲ್ಲಿ ದಂತಧಾವನದ ವಿಧಿಯಿದೆ. ಒಗರು, ಖಾರ, ಕಹಿ ರಸಗಳುಳ್ಳ ಕಡ್ಡಿಯ ತುದಿಯನ್ನು ಜಜ್ಜಿ, ದಿನಕ್ಕೆ ಎರಡು ಬಾರಿ, ಒಸಡುಗಳಿಗೆ ಬಾಧೆಯಾಗದಂತೆ ಉಜ್ಜಬೇಕೆಂದು ಅಲ್ಲಿ ಹೇಳಿದೆ. ಹೊಂಗೆ, ಎಕ್ಕ, ಮತ್ತಿ ಮೊದಲಾದವುಗಳ ಕಡ್ಡಿಗಳನ್ನು ಹೆಸರಿಸಿದೆ; ನಾಲಗೆಯನ್ನು ಹೆರೆಯುವ ಲೋಹದ ಸಾಧನಗಳನ್ನೂ ವರ್ಣಿಸಿದೆ. ವಾಗ್ಭಟನ ಅಷ್ಟಾಂಗಹೃದಯವು ಬೆಳಗ್ಗೆಯೂ ಊಟದ ತರುವಾಯವೂ ಮೃದುವಾದ ತುದಿಯ ಕಡ್ಡಿಯಿಂದ ಶುದ್ಧಿಮಾಡಿಕೊಳ್ಳಬೇಕೆನ್ನುವುದು. ಈ ಗ್ರಂಥಗಳಲ್ಲಿ ತಂಬಾಕಿನ ಹೆಸರೇ ಇಲ್ಲ, ಇರುವುದೂ ಅಸಾಧ್ಯ. ಆ ಗಿಡವು ಅಮೆರಿಕಾ ಖಂಡದ್ದು. ಪೋರ್ತುಗೀಸರ ಹಡಗುಗಳಲ್ಲಿ ದಖ್ಖನಕ್ಕೆ ಬಂದುದು. ಅಕ್ಬರನ ದೂತನಾದ ಅಸದ್ ಬೇಗನು 1604ರ ಸುಮಾರಿಗೆ ನಮ್ಮ ಬಿಜಾಪುರದಲ್ಲಿ ಅದನ್ನು ಕಂಡು, ಉತ್ತರದಲ್ಲಿ ಕಾಣದ ಹೊಸ ವಸ್ತುವೆಂದು ಬಾದಶಹನ ಆಸ್ಥಾನಕ್ಕೆ ಒಯ್ದನು. ಆದುದರಿಂದ ಮಿಶ್ರಿಯು ಋಷಿಗಳ ಸಂಪ್ರದಾಯವಲ್ಲ. ಸಂಪ್ರದಾಯದ ವೇಷವನ್ನು ತೊಟ್ಟ ವ್ಯಸನ.

ಈ ವ್ಯಸನದ ಫಲವೇನೆಂಬುದನ್ನು ನಾವು ಮನೆಯಲ್ಲಿಯೇ ಕಂಡವರು. ಬಾಲ್ಯದಲ್ಲಿ ನಮ್ಮ ಸೋದರತ್ತೆಯವರಿಗೆ ಭಾಲ್ಕಿಯ ಪೇಟೆಯಿಂದ ಎಲೆತಂಬಾಕನ್ನು ತಂದುಕೊಟ್ಟವರು ನಾವೇ. ಅವರ ಕೆನ್ನೆಯ ಒಳಭಾಗದಲ್ಲಿ ಬಿಳಿಯ ಕಲೆಯೊಂದು ಎದ್ದಿತ್ತು. ನೋವಿಲ್ಲವೆಂದು ಅವರೂ ಲೆಕ್ಕಿಸಲಿಲ್ಲ, ನಾವೂ ಲೆಕ್ಕಿಸಲಿಲ್ಲ. ನೋವು ಬಂದ ಮೇಲೆ ವೈದ್ಯರಿಗೆ ಮಾಡಲು ಹೆಚ್ಚೇನೂ ಉಳಿದಿರಲಿಲ್ಲ. ಬಾಯಿಯ ಅರ್ಬುದರೋಗ, ಎಂದರೆ ಕ್ಯಾನ್ಸರ್, ಆರಂಭದಲ್ಲಿ ಅನೇಕವೇಳೆ ನೋಯುವುದಿಲ್ಲ. ಅದೇ ಅದರ ಕಪಟ. ಗರ್ಭಿಣಿಯರು ಮಿಶ್ರಿ ಬಳಸಿದರೆ ಶಿಶುವಿನ ತೂಕವೂ ಕುಗ್ಗುವುದು.

ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬೆರೆಸುವುದನ್ನು ಭಾರತ ಸರ್ಕಾರವು 1992ರಲ್ಲಿ ನಿಷೇಧಿಸಿತು. ಕರ್ನಾಟಕದಲ್ಲಿ 2013ರಲ್ಲಿ ಗುಟಖಾ ನಿಷೇಧವಾಯಿತು. ಅಡಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿತು. ಆದರೆ ಕಾನೂನು ಅಂಗಡಿಯವರೆಗೆ ಬಂದೀತೇ ಹೊರತು ಅಡಿಗೆಯ ಒಲೆಯವರೆಗೆ ಬಾರದು. ಅಲ್ಲಿ ಗೃಹಿಣಿಯೇ ಅಧಿಕಾರಿ.

ಹಾಗಾದರೆ ಮಾಡತಕ್ಕುದೇನು? ಬೆಳಗ್ಗೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ, ಮೃದುವಾದ ಬ್ರಷ್ಷಿನಿಂದ ಎರಡು ನಿಮಿಷ ಹಲ್ಲುಜ್ಜಬೇಕು. ಫ್ಲೋರೈಡ್ ಇರುವ ಪೇಸ್ಟು ಬಟಾಣಿ ಕಾಳಿನಷ್ಟಿದ್ದರೆ ಸಾಕು. ರಾತ್ರಿಯದನ್ನು ಎಂದಿಗೂ ತಪ್ಪಿಸಲಾಗದು; ನಿದ್ರೆಯಲ್ಲಿ ಲಾಲಾರಸವು ಕಡಿಮೆಯಾಗುವುದರಿಂದ ಸಿಕ್ಕಿಕೊಂಡ ಅನ್ನ, ಬೆಲ್ಲಗಳಿಂದ ಸೂಕ್ಷ್ಮಜೀವಿಗಳು ಆಮ್ಲವನ್ನು ಹುಟ್ಟಿಸಿ ಹಲ್ಲನ್ನು ಕೊರೆಯುವುವು. ಇದ್ದಿಲು, ಇಟ್ಟಿಗೆಯ ಪುಡಿಗಳು ಹಲ್ಲಿನ ಹೊಳಪಿನ ಪದರವನ್ನೇ ಸವೆಯಿಸುವುವು. ಬೇವಿನ ಕಡ್ಡಿಯನ್ನು ಬಿಡಲಾರದವರು ಅದರ ತುದಿಯನ್ನು ಚೆನ್ನಾಗಿ ಅಗಿದು ಮೆತ್ತಗೆ ಮಾಡಿಕೊಳ್ಳಲಿ. ಊಟವಾದೊಡನೆ ಬಾಯಿ ಮುಕ್ಕಳಿಸಬೇಕು. ಏಳೆಂಟು ವರ್ಷದವರೆಗೆ ಮಕ್ಕಳ ಹಲ್ಲನ್ನು ಹಿರಿಯರು ಎದುರಿಗೆ ನಿಂತು ಉಜ್ಜಿಸಬೇಕು. ಮಧುಮೇಹವುಳ್ಳವರು ಒಸಡಿನಲ್ಲಿ ರಕ್ತ ಕಂಡರೆ ಅಲಕ್ಷಿಸಬಾರದು. ಒಸಡಿನ ರೋಗವು ಸಕ್ಕರೆಯ ಅಂಶವನ್ನೂ, ಸಕ್ಕರೆಯ ಅಂಶವು ಒಸಡಿನ ರೋಗವನ್ನೂ ಹೆಚ್ಚಿಸುವುವು.

ಇದಲ್ಲದೆ ತಿಂಗಳಿಗೊಮ್ಮೆ ಕನ್ನಡಿಯ ಮುಂದೆ, ಹಗಲು ಬೆಳಕಿನಲ್ಲಿ, ಕೆನ್ನೆಯ ಒಳಭಾಗ, ಒಸಡು, ನಾಲಗೆಯ ಕೆಳಭಾಗಗಳನ್ನು ನೋಡಿಕೊಳ್ಳಿರಿ. ಬಿಳಿಯ ಅಥವಾ ಕೆಂಪು ಕಲೆ, ಎರಡು ವಾರಗಳಲ್ಲಿ ಮಾಯದ ಹುಣ್ಣು, ಮೂರು ಬೆರಳು ಹಿಡಿಯದಷ್ಟು ಕುಗ್ಗಿದ ಬಾಯಿ, ಇವುಗಳಲ್ಲಿ ಯಾವುದು ಕಂಡರೂ ನೋವಿಗಾಗಿ ಕಾಯದೆ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗಾಗಲಿ, ಬೀದರ ನಗರದ ದಂತವೈದ್ಯರ ಬಳಿಗಾಗಲಿ ಹೋಗತಕ್ಕುದು.

ಮಿಶ್ರಿಯನ್ನು ಬಿಟ್ಟ ಮೊದಲ ಕೆಲವು ದಿನ ತಲೆನೋವು, ಸಿಡುಕು ಬರುವುದು ಸಹಜ. ಕೆಲವು ವಾರಗಳಲ್ಲಿ ಇಳಿಯುವುದು. ಆಗ ಮನೆಯವರು ಹಂಗಿಸಲಾಗದು, ಆಸರೆಯಾಗಬೇಕು. 1800 11 2356 ಎಂಬ ರಾಷ್ಟ್ರೀಯ ಸಹಾಯವಾಣಿಯಲ್ಲಿ ವೆಚ್ಚವಿಲ್ಲದೆ ಸಲಹೆ ದೊರೆಯುವುದು.

ಔರಾದಿನ ಆ ಅಜ್ಜಿಯವರು ಮೊಮ್ಮಗಳಿಗೆ ಡಬ್ಬಿಯನ್ನು ಕೊಡಲಿಲ್ಲ. ಅದು ಒಳ್ಳೆಯದಲ್ಲವೆಂದು ಅವರ ಅಂತಃಕರಣವು ಬಲ್ಲುದು. ಮಗುವಿಗೆ ಹೇಳಿದ “ಬ್ಯಾಡ” ಎಂಬ ಮಾತನ್ನು ಅವರು ತಮಗೂ ಹೇಳಿಕೊಳ್ಳಲಿ ಎಂಬುದಷ್ಟೇ ನಮ್ಮ ಪ್ರಾರ್ಥನೆ. ಈ ಪತ್ರಿಕೆಯನ್ನು ಮನೆಯಲ್ಲಿ ಓದಿ ಹೇಳುವ ಮಕ್ಕಳು ಈ ಪುಟವನ್ನು ತಮ್ಮ ಆಯಿಯ ಬಳಿ ಕುಳಿತು ಓದಲಿ.