ಪುಕ್ಕಟೆ ವೇಗದ ಲೆಕ್ಕ

ಪುಕ್ಕಟೆ ಸಿಗುವ ವೇಗವನ್ನು ನಾನು ನಂಬುವುದಿಲ್ಲ. ಬಸವಕಲ್ಯಾಣದಲ್ಲೂ ಹುಮನಾಬಾದಿನಲ್ಲೂ ಮಕ್ಕಳಿಗೊಂದು ಕಂಪ್ಯೂಟರ್ ಜೋಡಿಸಿಕೊಡಿ ಎಂದು ಕೇಳಿದಾಗ ನನಗೆ ಸಿಕ್ಕ ಉಪದೇಶ ಒಂದೇ: ಪ್ರೊಸೆಸರಿನ ವೋಲ್ಟೇಜ್ ತುಸು ಏರಿಸಿ, ಕಂಪನಿ ಹೇಳಿದ್ದಕ್ಕಿಂತ ಜೋರಾಗಿ ಓಡಿಸೋಣ. ಇದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. “ಏನೂ ಆಗಲ್ರೀ ಅಕ್ಕಾ, ಸ್ಟೆಬಿಲೈಜರ್ ಅದ ಅಲ್ರೀ?”

ಸ್ಟೆಬಿಲೈಜರ್ ಕಾಯುವುದು ಗೋಡೆಯಿಂದ ಬರುವ 230 ವೋಲ್ಟನ್ನು. ಚಿಪ್ಪಿನೊಳಗಿನದು ಒಂದು, ಒಂದೂಕಾಲು ವೋಲ್ಟಿನ ವ್ಯವಹಾರ. ಅಲ್ಲಿ ಏರಿಸಿದ್ದು ಹೊರಗಿನ ಡಬ್ಬಿಗೆ ತಿಳಿಯುವುದೇ ಇಲ್ಲ.

ಲೆಕ್ಕ ನೋಡಿ. ವೇಗ ಏರಿದಷ್ಟೇ ಬಿಸಿ ಏರುತ್ತದೆ. ವೋಲ್ಟೇಜ್ ಏರಿದರೆ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. ಎರಡನ್ನೂ ಶೇಕಡಾ 10 ಹೆಚ್ಚಿಸಿದರೆ ಬಿಸಿ ಸುಮಾರು ಶೇಕಡಾ 33 ಹೆಚ್ಚು. ಹತ್ತು ಗಳಿಸಲು ಮೂವತ್ಮೂರು ಕಳೆಯುವ ವ್ಯಾಪಾರಕ್ಕೆ ಯಾವ ಗೃಹಿಣಿ ಒಪ್ಪುತ್ತಾಳೆ? ಅದೂ ನಮ್ಮ ಬೀದರ ಜಿಲ್ಲೆಯ ಮೇ ತಿಂಗಳಲ್ಲಿ!

ಚಿಪ್ಪಿನೊಳಗೆ ಕೂದಲಿಗಿಂತ ಸಾವಿರ ಪಟ್ಟು ಸಣ್ಣ ತಂತಿಗಳಿವೆ. ಹರಿಯುವ ಎಲೆಕ್ಟ್ರಾನುಗಳು ಲೋಹದ ಕಣಗಳನ್ನೇ ತಳ್ಳಿ ತಂತಿಯನ್ನು ಸವೆಸುತ್ತವೆ. ತಂತಿಗೂ ತಂತಿಗೂ ನಡುವಿನ ತೆಳು ಪದರವೂ ದುರ್ಬಲವಾಗುತ್ತದೆ. ಬಿಸಿ ಮತ್ತು ವೋಲ್ಟೇಜ್ ಈ ಸವೆತವನ್ನು ಬೇಗ ಮಾಡಿಸುತ್ತವೆ. ಚಿಪ್ ಒಂದೇ ದಿನಕ್ಕೆ ಸುಡಬೇಕೆಂದಿಲ್ಲ. ಕೆಲವು ಕಾಲದ ಮೇಲೆ ಕೆಲಸದ ನಡುವೆ ಪರದೆ ನಿಂತುಹೋಗಬಹುದು. ಆಗ “ವೈರಸ್ ಬಂದದ” ಎಂಬ ಉತ್ತರ ಸಿದ್ಧವಿರುತ್ತದೆ.

ಇದು ಹೆದರುಪುಕ್ಕಲ ಮಾತೆನ್ನುವಿರಾ? 2024ರಲ್ಲಿ ಇಂಟೆಲ್ ಕಂಪನಿಯ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳು ಕೈಕೊಟ್ಟಾಗ, ಮಿತಿಮೀರಿದ ವೋಲ್ಟೇಜೇ ಕಾರಣವೆಂದು ಕಂಪನಿಯೇ ಒಪ್ಪಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಹೊಸ ತಿದ್ದುಪಡಿ ಮುಂದಿನ ಹಾನಿಯನ್ನು ತಡೆಯಲು ಬಂತು. ಆಗಿಹೋದ ಹಾನಿಯನ್ನು ಅದು ಸರಿಮಾಡಲಾರದು. ಗಿರಾಕಿ ತಾನೇ ವೋಲ್ಟೇಜ್ ಏರಿಸಿಕೊಂಡರೆ? ಓವರ್‌ಕ್ಲಾಕಿಂಗ್‌ನಿಂದಾದ ಹಾನಿಗೆ ವಾರಂಟಿ ಇಲ್ಲವೆಂದು ಎಎಂಡಿ ಕಂಪನಿ ಸ್ಪಷ್ಟವಾಗಿ ಹೇಳುತ್ತದೆ.

ವೋಲ್ಟೇಜ್ ಮುಟ್ಟದೆ ವೇಗ ತುಸು ಏರಿಸಿದರೆ ಹಾನಿ ಕಡಿಮೆ, ನಿಜ. ಆದರೆ “ಮೂರು ವರ್ಷಕ್ಕೆ ಹೇಗೂ ಬದಲಿಸುತ್ತೇವೆ” ಎಂಬ ವಾದಕ್ಕೆ ನನ್ನ ತಕರಾರಿದೆ. ನಮ್ಮಂಥ ಮನೆಗಳಲ್ಲಿ ಯಾವುದನ್ನು ಮೂರು ವರ್ಷಕ್ಕೆ ಎಸೆಯುತ್ತಾರೆ? ಅಣ್ಣ ಆಟವಾಡಿ ಸವೆಸಿದ ಯಂತ್ರ ತಂಗಿಯ ಓದಿಗೆ ಬರುತ್ತದೆ. ಅವನು ಏರಿಸಿಕೊಂಡ ವೇಗವನ್ನು ಅವಳ ವರ್ಷಗಳಿಂದ ಕಡಿದುಕೊಂಡಂತಾಯಿತು. ಈ ಲೆಕ್ಕವನ್ನು ಅಂಗಡಿಯಲ್ಲಿ ಯಾರೂ ಬರೆದುಕೊಡುವುದಿಲ್ಲ.

ಆದ್ದರಿಂದ ಅಕ್ಕತಂಗಿಯರೇ, ದುಡ್ಡು ಎಣಿಸುವ ಮುನ್ನ ಒಂದು ಮಾತು ಹೇಳಿ: “ಕಂಪನಿ ಇಟ್ಟ ವೋಲ್ಟೇಜ್ ಇರಲಿ. ಏರಿಸುವುದಾದರೆ ಹೊಣೆ ನಿಮ್ಮದೆಂದು ಬಿಲ್ಲಿನ ಮೇಲೆ ಬರೆದುಕೊಡಿ.”